ಮನೆಮನೆಗೂ ಬಂದ ತಾಳೆ ಎಣ್ಣೆ, ಮಂಡಿಯಲ್ಲಿ ಬಿದ್ದ ಶೇಂಗಾ

(ರೈತರ ಅಧ್ಯಯನ ಶಿಬಿರವೊಂದರಲ್ಲಿ ಮಾಡಿದ ಭಾಷಣದ ಬರಹರೂಪ)



ಸಾಲ, ಬೆಲೆ, ಬೆಂಬಲ ಬೆಲೆ ಅಂತ ನಾವು ವರ್ಷವಿಡೀ ಮಾತಾಡುತ್ತೇವೆ. ಇವತ್ತು ಅದೇ ಮಾತನ್ನು ಬೇರೆ ಕಡೆಯಿಂದ ಶುರು ಮಾಡೋಣ. ನಿಮ್ಮ ಮನೆಯ ಒಂದು ದಿನದಿಂದ ಶುರು ಮಾಡೋಣ.

ಬೆಳಿಗ್ಗೆ ಎದ್ದು ಮುಖ ತೊಳೆಯುವ ಸೋಪು ತಗೊಳ್ಳಿ. ಚಹಾದ ಜೊತೆ ಮಗು ಅದ್ದಿ ತಿನ್ನುವ ಬಿಸ್ಕತ್ತು ತಗೊಳ್ಳಿ. ಬಸ್ ಸ್ಟ್ಯಾಂಡಿನ ಹೋಟೆಲಿನಲ್ಲಿ ಮೆಣಸಿನಕಾಯಿ ಬಜ್ಜಿ ಕರಿಯುವ ಬಾಣಲೆ ನೋಡಿ. ಬೇಕರಿಯ ಪಫ್ಸು, ಬನ್ನು, ಕೇಕಿನ ಮೇಲಿನ ಬಿಳಿ ಕೆನೆ, ಶಾಲೆಯ ಮುಂದೆ ತೂಗುಹಾಕಿದ ಚಿಪ್ಸಿನ ಪಾಕೀಟು, ಎರಡು ನಿಮಿಷದಲ್ಲಿ ಬೇಯುವ ನೂಡಲ್ಸು, ಹೆಣ್ಣುಮಕ್ಕಳು ತಲೆಗೆ ಹಾಕುವ ಶಾಂಪೂ, ಕರೆಂಟು ಹೋದಾಗ ಹಚ್ಚುವ ಮೇಣದಬತ್ತಿ. ಕಡೆಗೆ ದೇವರ ಮುಂದೆ ಹಚ್ಚುವ ದೀಪಕ್ಕೆ ಅಂಗಡಿಯಿಂದ ತರುವ ಅಗ್ಗದ ಎಣ್ಣೆ. ಒಂದಕ್ಕೊಂದು ಸಂಬಂಧವಿಲ್ಲದ ವಸ್ತುಗಳು ಅಂತ ಅನ್ನಿಸುತ್ತದೆ. ಆದರೆ ಇವುಗಳಲ್ಲಿ ಬಹುಪಾಲಿನೊಳಗೆ ಒಂದೇ ಮರದ ಎಣ್ಣೆ ಇದೆ. ಆ ಮರ ನಿಮ್ಮ ಹೊಲದಲ್ಲಿಲ್ಲ, ಬೇಲಿಯಲ್ಲಿಲ್ಲ, ಬಹಳ ಜನ ಅದನ್ನು ಕಣ್ಣಲ್ಲಿ ಕಂಡೂ ಇಲ್ಲ. ಅದೇ ಪಾಮಾಯಿಲ್, ಅಂದರೆ ತಾಳೆ ಎಣ್ಣೆ.

ಹೆಸರಿನಿಂದ ಗೊಂದಲ ಬೇಡ. ಇದು ನಾವು ತಾಟಿನಿಂಗು ತಿನ್ನುವ ನಮ್ಮ ಕಡೆಯ ತಾಳೆ ಮರವಲ್ಲ. ಇದು ಪಶ್ಚಿಮ ಆಫ್ರಿಕಾದ ಮರ. ಅಲ್ಲಿಯ ಹಳ್ಳಿಗರು ತಲೆತಲಾಂತರದಿಂದ ಇದರ ಕೆಂಪು ಎಣ್ಣೆಯಲ್ಲಿ ಅಡಿಗೆ ಮಾಡುತ್ತಾ ಬಂದಿದ್ದಾರೆ. 1848ರಲ್ಲಿ ಡಚ್ಚರು ಇದರ ನಾಲ್ಕು ಸಸಿಗಳನ್ನು ಜಾವಾ ದ್ವೀಪದ ಬೋಗೋರ್ ಸಸ್ಯೋದ್ಯಾನದಲ್ಲಿ ನೆಟ್ಟರು. 1917ರಲ್ಲಿ ಮಲೇಷ್ಯಾದ ಸೆಲಂಗೋರ್ ಪ್ರಾಂತ್ಯದಲ್ಲಿ ವ್ಯಾಪಾರಕ್ಕೆಂದೇ ಮೊದಲ ತೋಟ ಎದ್ದಿತು. ಇವತ್ತು ಲೋಕದ ತಾಳೆ ಎಣ್ಣೆಯಲ್ಲಿ ನೂರಕ್ಕೆ ಎಂಬತ್ತು ಪಾಲಿಗೂ ಹೆಚ್ಚು ಇಂಡೋನೇಷ್ಯಾ, ಮಲೇಷ್ಯಾ ಈ ಎರಡೇ ದೇಶಗಳಿಂದ ಬರುತ್ತದೆ. ಅದನ್ನು ಕೊಳ್ಳುವ ದೇಶಗಳಲ್ಲಿ ಎಲ್ಲರಿಗಿಂತ ಮುಂದೆ ನಿಂತಿರುವುದು ನಮ್ಮ ಭಾರತ.

ಒಂದೇ ಎಣ್ಣೆ ಇಷ್ಟೊಂದು ಕಡೆ ನುಗ್ಗಿದ್ದು ಹೇಗೆ ಅಂತ ನೀವು ಕೇಳಬೇಕು. ಅದಕ್ಕೆ ಮೂರು ಕಾರಣ.

ಮೊದಲನೆಯದು ಇಳುವರಿ. ಒಂದು ಹೆಕ್ಟೇರ್ ತಾಳೆ ತೋಟ ವರ್ಷಕ್ಕೆ ಮೂರೂವರೆ ನಾಲ್ಕು ಟನ್ ಎಣ್ಣೆ ಕೊಡುತ್ತದೆ. ಚಳ್ಳಕೆರೆ, ಪಾವಗಡದ ಮಳೆಯಾಶ್ರಿತ ಹೊಲದಲ್ಲಿ ಒಂದು ಹೆಕ್ಟೇರಿಗೆ ಒಳ್ಳೆ ವರ್ಷದಲ್ಲಿ ಎಂಟು ಹತ್ತು ಕ್ವಿಂಟಾಲ್ ಶೇಂಗಾ ಬಂತು ಅಂತಿಟ್ಟುಕೊಳ್ಳಿ. ಅದರ ಎಣ್ಣೆ ಮುನ್ನೂರು ಕೆ.ಜಿ. ದಾಟುವುದಿಲ್ಲ. ಅವರಿಗೆ ವರ್ಷವಿಡೀ ಸುರಿಯುವ ಮಳೆ. ನಮಗೆ ಆಕಾಶ ನೋಡುವ ಕೆಲಸ.

ಎರಡನೆಯದು ಅದರ ಗುಣ. ಈ ಮರದ ಒಂದೇ ಹಣ್ಣಿನಿಂದ ಎರಡು ಎಣ್ಣೆ. ತಿರುಳಿನದು ಒಂದು, ಒಳಗಿನ ಬೀಜದ್ದು ಇನ್ನೊಂದು. ತಿರುಳಿನ ಎಣ್ಣೆಯನ್ನು ಕಾರ್ಖಾನೆಯಲ್ಲಿ ತಣಿಸಿ ಮತ್ತೆ ಎರಡು ಭಾಗ ಮಾಡುತ್ತಾರೆ. ತೆಳ್ಳಗೆ ಉಳಿಯುವುದು ಪಾಮೋಲಿನ್; ಅದು ಬಾಣಲೆಗೆ. ಗಟ್ಟಿಯಾಗುವುದು ಸ್ಟಿಯರಿನ್, ಅದು ಸೋಪಿಗೆ, ವನಸ್ಪತಿಗೆ, ಬೇಕರಿಗೆ. ಬೀಜದ ಎಣ್ಣೆ ನಮ್ಮ ಕೊಬ್ಬರಿ ಎಣ್ಣೆಯ ಜಾತಿಯದು. ಅದು ನೊರೆ ಬರುವ ವಸ್ತುಗಳಿಗೆ, ಮಿಠಾಯಿಗೆ. ಏನೂ ಹಾಳಾಗುವುದಿಲ್ಲ. ಕರಿದ ತಿಂಡಿ ಬೇಗ ಕಮಟುವುದೂ ಇಲ್ಲ. ತಿಂಗಳುಗಟ್ಟಲೆ ಪಾಕೀಟಿನಲ್ಲಿ ಇಟ್ಟು ಮಾರುವವನಿಗೆ ಇದಕ್ಕಿಂತ ಅನುಕೂಲ ಬೇಕೆ?

ಮೂರನೆಯದನ್ನು ಗಮನವಿಟ್ಟು ಕೇಳಿ. ಹುಟ್ಟುವಾಗ ಕೆಂಪಗಿರುವ ಈ ಎಣ್ಣೆಯನ್ನು ಶುದ್ಧೀಕರಿಸಿ, ಬಣ್ಣ ತೆಗೆದು, ವಾಸನೆ ತೆಗೆದು ಕಳಿಸುತ್ತಾರೆ. ಶೇಂಗಾ ಎಣ್ಣೆಯ ಘಮ ಓಣಿಯಾಚೆಗೂ ಗೊತ್ತಾಗುತ್ತದೆ. ಹುಚ್ಚೆಳ್ಳೆಣ್ಣೆ ಒಗ್ಗರಣೆ ಹಾಕಿದರೆ ಪಕ್ಕದ ಮನೆಯವರು ಕೇಳುತ್ತಾರೆ. ಪಾಮೋಲಿನ್‌ಗೆ ಆ ಗುರುತೇ ಇಲ್ಲ. ಯಾವ ಎಣ್ಣೆಯ ಜೊತೆ ಬೆರೆಸಿದರೂ ಬೆರೆಯುತ್ತದೆ, ಯಾವ ತಿಂಡಿಯೊಳಗೆ ಹೋದರೂ ಸುಮ್ಮನೆ ಕೂರುತ್ತದೆ. ಎಲ್ಲ ಕಡೆ ಇದ್ದೂ ಯಾರ ಕಣ್ಣಿಗೂ ಬೀಳದಿರುವುದು ಇದಕ್ಕೆ ಸಾಧ್ಯವಾಗಿರುವುದು ಹೀಗೆ.

ನಮ್ಮ ಅಜ್ಜಂದಿರ ಕಾಲ ನೆನಪು ಮಾಡಿಕೊಳ್ಳಿ. ಈ ರಾಜ್ಯದಲ್ಲಿ ಸೀಮೆಗೊಂದು ಎಣ್ಣೆ ಇತ್ತು. ಬಿಜಾಪುರ, ಧಾರವಾಡದ ಕಡೆ ಕುಸುಬೆ. ಚಿತ್ರದುರ್ಗ, ಬಳ್ಳಾರಿ, ತುಮಕೂರಿನ ಕಡೆ ಶೇಂಗಾ. ಮೈಸೂರು, ಹಾಸನದ ಬಯಲಲ್ಲಿ ಹುಚ್ಚೆಳ್ಳು, ಎಳ್ಳು. ಕರಾವಳಿಯಲ್ಲಿ ಕೊಬ್ಬರಿ. ದೀಪಕ್ಕೆ ಹರಳೆಣ್ಣೆ. ಊರಿಗೊಂದು ಗಾಣ, ಗಾಣಕ್ಕೊಬ್ಬ ಗಾಣಿಗ. ಎಣ್ಣೆ ಮನೆಗೆ, ಹಿಂಡಿ ಎತ್ತಿಗೆ. ಆ ಕಾಲದಲ್ಲಿ ಎಲ್ಲವೂ ಚೆನ್ನಾಗಿತ್ತು ಅಂತ ನಾನು ಹೇಳುತ್ತಿಲ್ಲ. ಬಡವರ ಮನೆಯಲ್ಲಿ ಎಣ್ಣೆ ಹನಿ ಲೆಕ್ಕದಲ್ಲಿ ಬೀಳುತ್ತಿತ್ತು. ಆದರೆ ಎಣ್ಣೆಗೆ ಕೊಟ್ಟ ಕಾಸು ಬಹುಮಟ್ಟಿಗೆ ಊರ ಸುತ್ತಲೇ ತಿರುಗುತ್ತಿತ್ತು. ಚಳ್ಳಕೆರೆಗೆ ಎಣ್ಣೆ ನಗರ ಅಂತ ಹೆಸರು ಬಂದದ್ದು ನಮ್ಮ ಶೇಂಗಾದಿಂದ, ಅಲ್ಲಿಯ ಮಿಲ್ಲುಗಳಿಂದ.

ಆಮೇಲೆ ಏನಾಯಿತು? ಇದು ತನ್ನಷ್ಟಕ್ಕೆ ತಾನೇ ಆದದ್ದಲ್ಲ ಸ್ವಾಮಿ. ಒಂದೊಂದು ಹೆಜ್ಜೆಗೂ ಒಂದೊಂದು ಸರ್ಕಾರಿ ಆದೇಶ ಇದೆ.

ಎಪ್ಪತ್ತು ಎಂಬತ್ತರ ದಶಕದಲ್ಲಿ ಎಣ್ಣೆ ಆಮದು ಸರ್ಕಾರದ ಕೈಯಲ್ಲಿತ್ತು. ಕೇಂದ್ರದ ರಾಜ್ಯ ವ್ಯಾಪಾರ ನಿಗಮ ಪಾಮೋಲಿನ್ ತರಿಸುತ್ತಿತ್ತು, ಅದು ರೇಷನ್ ಅಂಗಡಿಗೆ ಬರುತ್ತಿತ್ತು. ವಿದೇಶಿ ವಿನಿಮಯ ಕರಗುತ್ತಿದೆ ಅಂತ ಗಾಬರಿಯಾದಾಗ 1986ರಲ್ಲಿ ಎಣ್ಣೆಕಾಳುಗಳ ತಂತ್ರಜ್ಞಾನ ಮಿಷನ್ ಶುರುವಾಯಿತು. ಬೀಜ ಕೊಟ್ಟರು, ಬೆಲೆ ಕೊಟ್ಟರು, ಆಮದಿಗೆ ತಡೆ ಹಾಕಿದರು. ರೈತ ಏನು ಮಾಡಿದ? 1985-86ರಲ್ಲಿ ಸುಮಾರು 108 ಲಕ್ಷ ಟನ್ ಇದ್ದ ಎಣ್ಣೆಕಾಳಿನ ಉತ್ಪಾದನೆಯನ್ನು 1993-94ಕ್ಕೆ 215 ಲಕ್ಷ ಟನ್ನಿಗೆ ಮುಟ್ಟಿಸಿದ. ಎಂಟೇ ವರ್ಷದಲ್ಲಿ ಇಮ್ಮಡಿ! ದೇಶಕ್ಕೆ ಬೇಕಾದ ಅಡಿಗೆ ಎಣ್ಣೆಯಲ್ಲಿ ಹೊರಗಿನಿಂದ ಬಂದದ್ದು ಆಗ ನೂರಕ್ಕೆ ಐದು ಪಾಲಿಗೂ ಕಡಿಮೆ. ಭಾರತದ ರೈತನಿಗೆ ಎಣ್ಣೆ ಬೆಳೆಯಲು ಬರುವುದಿಲ್ಲ ಅಂತ ಯಾರಾದರೂ ಹೇಳಿದರೆ ಈ ಎರಡು ಅಂಕಿ ಅವರ ಮುಂದೆ ಇಡಿ.

ಅಷ್ಟರಲ್ಲಿ ಗಾಳಿ ಬದಲಾಯಿತು. ಡಂಕೆಲ್ ಪ್ರಸ್ತಾವದ ವಿರುದ್ಧ 1993ರಲ್ಲಿ ಲಕ್ಷಾಂತರ ರೈತರು ಬೆಂಗಳೂರಿನಲ್ಲಿ ಸೇರಿ ಎಚ್ಚರಿಕೆ ಕೊಟ್ಟಿದ್ದರು. ದಿಲ್ಲಿಗೆ ಅದು ಕೇಳಿಸಲಿಲ್ಲ. 1994ರಲ್ಲಿ ಪಾಮೋಲಿನ್ ಆಮದನ್ನು ಖಾಸಗಿಯವರಿಗೆ ಬಿಟ್ಟರು. ಆಗ ಸುಂಕ ಶೇ. 65. ಮರು ವರ್ಷ ಶೇ. 30. 1998ಕ್ಕೆ ಶೇ. 15. 2008ರ ಏಪ್ರಿಲ್‌ನಲ್ಲಿ ಕಚ್ಚಾ ಎಣ್ಣೆಗೆ ಸೊನ್ನೆ. 2018ರಲ್ಲಿ ಕಚ್ಚಾ ತಾಳೆ ಎಣ್ಣೆಗೆ ಮತ್ತೆ ಶೇ. 44. 2021ರ ಅಕ್ಟೋಬರ್‌ನಲ್ಲಿ ಮೂಲ ಸುಂಕ ಮತ್ತೆ ಸೊನ್ನೆ. 2024ರ ಸೆಪ್ಟೆಂಬರ್‌ನಲ್ಲಿ ಮೂಲ ಸುಂಕ ಶೇ. 20. 2025ರ ಮೇ 30ರಂದು ಅದು ಶೇ. 10ಕ್ಕೆ ಇಳಿಯಿತು.

ಈ ಕಡೆಯ ತಾರೀಖನ್ನು ನೋಡಿ. ಮೇ 30 ಅಂದರೆ ನಾವು ಮುಂಗಾರಿಗೆ ಹೊಲ ಹದ ಮಾಡಿ, ಬೀಜದ ಶೇಂಗಾ ಕೊಳ್ಳಲು ಸೊಸೈಟಿಯ ಬಾಗಿಲಲ್ಲಿ ನಿಂತಿರುವ ಹೊತ್ತು. ಎಕರೆಗೆ ಐವತ್ತು ಕೆ.ಜಿ. ಆಸುಪಾಸು ಬೀಜ ಬೇಕು. ನಮ್ಮ ಬೆಳೆಗಳಲ್ಲಿ ಬೀಜಕ್ಕೇ ಇಷ್ಟು ದುಡ್ಡು ಬೇಡುವ ಬೆಳೆ ಕಡಿಮೆ. ಸೊಸೈಟಿ ಸಾಲ ಸಾಲದೆ ಹೆಂಡತಿಯ ಸರ ಅಡವಿಟ್ಟು ಬೀಜ ತರುತ್ತೀರಿ. ಬಿತ್ತಿದ ಮೇಲೆ ಮಳೆ ನಿಮ್ಮ ಕೈಯಲ್ಲಿಲ್ಲ. ಬೆಳೆದ ಮೇಲೆ ಬೆಲೆಯೂ ನಿಮ್ಮ ಕೈಯಲ್ಲಿಲ್ಲ. ಅದು ದಿಲ್ಲಿಯ ಒಂದು ಅಧಿಸೂಚನೆಯ ಕೈಯಲ್ಲಿದೆ. ಮಂಡಿಯಲ್ಲಿ ದಲಾಲಿ ಬೆಲೆ ಕೂಗುವಾಗ ಆತ ನಿಮ್ಮ ಚೀಲವನ್ನಷ್ಟೇ ನೋಡುವುದಿಲ್ಲ. ಬಂದರಿಗೆ ಬಂದ ಹಡಗಿನ ಎಣ್ಣೆ ಯಾವ ದರಕ್ಕೆ ಇಳಿಯಿತು ಅನ್ನುವುದು ಅವನ ಫೋನಿನಲ್ಲಿ ಆಗಲೇ ಬಂದಿರುತ್ತದೆ.

ಸೂರ್ಯಕಾಂತಿ ಬೆಳೆದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. 2005-06ರ ಸುಮಾರಿಗೆ ದೇಶದಲ್ಲಿ ಇಪ್ಪತ್ತು ಲಕ್ಷ ಹೆಕ್ಟೇರಿಗೂ ಹೆಚ್ಚು ಸೂರ್ಯಕಾಂತಿ ಇತ್ತು. ಅದರ ದೊಡ್ಡ ಪಾಲು ನಮ್ಮ ಕರ್ನಾಟಕದ್ದು. 2020-21ರ ಹೊತ್ತಿಗೆ ಅದು ಮೂರು ಲಕ್ಷ ಹೆಕ್ಟೇರಿಗಿಂತ ಕೆಳಗಿಳಿಯಿತು. ರೋಗ, ಬೀಜ, ಹಕ್ಕಿಗಳ ಕಾಟ ಎಲ್ಲವೂ ಕಾರಣ, ನಿಜ. ಆದರೆ ಬೆಲೆಯ ಭರವಸೆ ಇದ್ದಿದ್ದರೆ ರೈತ ಇವನ್ನೆಲ್ಲ ಎದುರಿಸಿಯಾನು. 2022ರಲ್ಲಿ ಉಕ್ರೇನ್ ಯುದ್ಧದಿಂದ ಎಣ್ಣೆ ಬೆಲೆ ಏರಿತು. ಆ ವರ್ಷದ ಮೇ ತಿಂಗಳಲ್ಲಿ ಕೇಂದ್ರ ಸರ್ಕಾರ ವರ್ಷಕ್ಕೆ 20 ಲಕ್ಷ ಟನ್ ಕಚ್ಚಾ ಸೂರ್ಯಕಾಂತಿ ಎಣ್ಣೆಯನ್ನೂ, ಅಷ್ಟೇ ಸೋಯಾ ಎಣ್ಣೆಯನ್ನೂ ಸುಂಕವಿಲ್ಲದೆ ತರಿಸಲು ಅಪ್ಪಣೆ ಕೊಟ್ಟಿತು. 2023ರ ಜೂನ್ ಹೊತ್ತಿಗೆ ಬೆಂಬಲ ಬೆಲೆ 6,400 ರೂಪಾಯಿ ಇದ್ದರೂ ಹರಿಯಾಣದ ರೈತರು 4,000ದ ಆಸುಪಾಸಿಗೆ ಸೂರ್ಯಕಾಂತಿ ಮಾರಬೇಕಾಗಿ ಬಂದು, ಕುರುಕ್ಷೇತ್ರದ ಬಳಿ ಹೆದ್ದಾರಿಗೆ ಇಳಿದರು. ಬೆಲೆ ಏರಿದಾಗ ಒಂದೇ ವಾರದಲ್ಲಿ ಎಚ್ಚರಗೊಳ್ಳುವ ಸರ್ಕಾರ, ಬೆಲೆ ಬಿದ್ದಾಗ ಎಚ್ಚರಗೊಳ್ಳಲು ರೈತ ರಸ್ತೆಯಲ್ಲಿ ಮಲಗಬೇಕು.

ಕೆಲವರು ಹೇಳುತ್ತಾರೆ: ಏನು ಮಾಡುವುದು, ವಿಶ್ವ ವ್ಯಾಪಾರ ಒಪ್ಪಂದಕ್ಕೆ ಸಹಿ ಹಾಕಿದ್ದೇವೆ, ಕೈ ಕಟ್ಟಿಹೋಗಿದೆ ಅಂತ. ಈ ಮಾತನ್ನು ಪರೀಕ್ಷಿಸಿ ನೋಡೋಣ. ಆ ಒಪ್ಪಂದದಲ್ಲಿ ತಾಳೆ ಎಣ್ಣೆಗೆ ಭಾರತ ಹಾಕಬಹುದಾದ ಸುಂಕದ ಮೇಲ್ಮಿತಿ ಶೇ. 300. ಸೋಯಾ ಎಣ್ಣೆಗೆ ಮಾತ್ರ ಶೇ. 45. ತಾಳೆ ಎಣ್ಣೆಯ ಮೇಲಿನ ಕೈ ಕಟ್ಟಿದ್ದು ಆಮೇಲೆ. 2009ರ ಆಗಸ್ಟ್‌ನಲ್ಲಿ ಆಗ್ನೇಯ ಏಷ್ಯಾದ ದೇಶಗಳ ಜೊತೆ ಮುಕ್ತ ವ್ಯಾಪಾರ ಒಪ್ಪಂದಕ್ಕೆ ಸಹಿ ಹಾಕಿ, ಕಚ್ಚಾ ತಾಳೆ ಎಣ್ಣೆಯ ಸುಂಕವನ್ನು ಹಂತಹಂತವಾಗಿ ಶೇ. 37.5ಕ್ಕೆ, ಶುದ್ಧೀಕರಿಸಿದ್ದನ್ನು ಶೇ. 45ಕ್ಕೆ ಇಳಿಸುತ್ತೇವೆ ಅಂತ ಒಪ್ಪಿಕೊಂಡರು. ಆ ಮಿತಿಯೊಳಗೂ ನಮಗೆ ಜಾಗ ಇದ್ದೇ ಇದೆ. 2025ರ ಮೇನಲ್ಲಿ ಶೇ. 10ಕ್ಕೆ ಇಳಿಸು ಅಂತ ಯಾವ ಒಪ್ಪಂದವೂ ಹೇಳಿರಲಿಲ್ಲ.

ಈಗ ಒಂದು ಲೆಕ್ಕ ಹಾಕೋಣ. ಪೆನ್ಸಿಲ್ ಇದ್ದವರು ಬರೆದುಕೊಳ್ಳಿ. 2025-26ರ ಮುಂಗಾರಿಗೆ ಶೇಂಗಾದ ಬೆಂಬಲ ಬೆಲೆ ಕ್ವಿಂಟಾಲಿಗೆ 7,263 ರೂಪಾಯಿ. ಒಂದು ಕ್ವಿಂಟಾಲ್ ಕಾಯಿ ಒಡೆದರೆ ಸುಮಾರು 70 ಕೆ.ಜಿ. ಬೀಜ. ಅದನ್ನು ಹಿಂಡಿದರೆ 29 ಕೆ.ಜಿ. ಆಸುಪಾಸು ಎಣ್ಣೆ, 40 ಕೆ.ಜಿ. ಹಿಂಡಿ. ಲೆಕ್ಕಕ್ಕೆ ಹಿಂಡಿಗೆ ಕೆ.ಜಿ.ಗೆ 40 ರೂಪಾಯಿ ಹಿಡಿಯಿರಿ, 1,600 ಆಯಿತು. ಅದನ್ನು ಕಳೆದರೆ 29 ಕೆ.ಜಿ. ಎಣ್ಣೆಯ ಮೇಲೆ 5,663 ರೂಪಾಯಿ ಕೂತಿತು. ಅಂದರೆ ಕೆ.ಜಿ.ಗೆ 195 ರೂಪಾಯಿ. ಮಿಲ್ಲಿನ ಖರ್ಚು, ಲಾರಿ ಬಾಡಿಗೆ, ಅಂಗಡಿಯವನ ಲಾಭ ಇನ್ನೂ ಸೇರಿಲ್ಲ. ರೈತನಿಗೆ ಬೆಂಬಲ ಬೆಲೆ ಸಿಕ್ಕಿದ್ದರೆ ಶುದ್ಧ ಶೇಂಗಾ ಎಣ್ಣೆ ಕೆ.ಜಿ.ಗೆ ಇನ್ನೂರರ ಕೆಳಗೆ ಬರಲು ಸಾಧ್ಯವೇ ಇಲ್ಲ. ಅದಕ್ಕಿಂತ ಎಷ್ಟೋ ಕಡಿಮೆಗೆ ಶೇಂಗಾ ಚಿತ್ರದ ಪಾಕೀಟು ಸಿಕ್ಕರೆ, ಒಂದೋ ರೈತನಿಗೆ ಬೆಂಬಲ ಬೆಲೆ ಸಿಕ್ಕಿಲ್ಲ, ಇಲ್ಲವೇ ಅದರೊಳಗೆ ಬೇರೆ ಏನೋ ಇದೆ. ಎರಡೂ ಇದ್ದರೂ ಇರಬಹುದು.

ಬೇರೆಯದು ಬೆರೆಸುವುದು ಕಳ್ಳತನವೇ ಆಗಬೇಕಾಗಿಲ್ಲ, ಕಾನೂನೇ ಅದಕ್ಕೆ ದಾರಿ ಬಿಟ್ಟಿದೆ. ಮಿಶ್ರಿತ ಎಣ್ಣೆ ಅಂತ ಮಾರುವಾಗ ಪ್ರತಿಯೊಂದು ಎಣ್ಣೆ ನೂರಕ್ಕೆ ಇಪ್ಪತ್ತಕ್ಕಿಂತ ಕಡಿಮೆ ಇರಬಾರದು, ಅಷ್ಟೇ ನಿಯಮ. ಇಪ್ಪತ್ತು ಪಾಲು ಒಳ್ಳೆ ಎಣ್ಣೆ, ಎಂಬತ್ತು ಪಾಲು ಅಗ್ಗದ ಎಣ್ಣೆ ಬೆರೆಸಿದರೂ ನಡೆಯುತ್ತದೆ. ಉತ್ತರ ಭಾರತದ ಸಾಸಿವೆ ಬೆಳೆಗಾರರು ಇದರ ವಿರುದ್ಧ ದನಿ ಎತ್ತಿದರು. 2021ರ ಜೂನ್ 8ರಿಂದ ಸಾಸಿವೆ ಎಣ್ಣೆಗೆ ಬೇರೆ ಎಣ್ಣೆ ಬೆರೆಸಿ ಮಾರುವುದನ್ನು ಆಹಾರ ಸುರಕ್ಷತಾ ಪ್ರಾಧಿಕಾರ ನಿಷೇಧಿಸಿತು. ಸಾಸಿವೆಗೆ ಆದದ್ದು ಶೇಂಗಾಕ್ಕೆ ಯಾಕೆ ಆಗಬಾರದು? ಇದನ್ನು ಕೇಳಲು ನಮಗೆ ಯಾರ ಅಪ್ಪಣೆ ಬೇಕು?

ಇನ್ನೊಂದು ನಷ್ಟ ಪೇಟೆಯ ಅರ್ಥಶಾಸ್ತ್ರಿಗಳ ಪುಸ್ತಕದಲ್ಲಿ ಬರುವುದಿಲ್ಲ. ಹಡಗಿನಲ್ಲಿ ಬಂದ ಎಣ್ಣೆಯ ಜೊತೆ ಹಿಂಡಿ ಬರುವುದಿಲ್ಲ. ಶೇಂಗಾ ಬೆಳೆದರೆ ಎಣ್ಣೆ ಸಿಕ್ಕಿತು, ಹಸುವಿಗೆ ಹಿಂಡಿ ಸಿಕ್ಕಿತು, ಬಳ್ಳಿ ಮೇವಾಯಿತು, ಬೇರಿನ ಗಂಟು ಭೂಮಿಗೆ ಸಾರಜನಕ ಕೊಟ್ಟಿತು. ಈಗ ಎಣ್ಣೆಯನ್ನು ಹೊರಗಿನಿಂದ ತರುತ್ತೇವೆ, ಹಿಂಡಿಯನ್ನು ಹೆಚ್ಚು ದುಡ್ಡು ಕೊಟ್ಟು ತರುತ್ತೇವೆ, ಯೂರಿಯಾಕ್ಕೆ ಸಾಲಿನಲ್ಲಿ ನಿಲ್ಲುತ್ತೇವೆ. ಡೈರಿಗೆ ಹಾಲು ಹಾಕುವ ನಮ್ಮ ತಾಯಂದಿರಿಗೆ ಕೇಳಿ, ಒಂದು ಚೀಲ ಹಿಂಡಿಗೆ ಎಷ್ಟು ದಿನದ ಹಾಲು ಹೋಗುತ್ತದೆ ಅಂತ.

ಹಾಗಾದರೆ ತಾಳೆಯನ್ನು ನಾವೇ ಬೆಳೆಯೋಣ ಅನ್ನುತ್ತದೆ ಸರ್ಕಾರ. 2021ರ ಆಗಸ್ಟ್‌ನಲ್ಲಿ 11,040 ಕೋಟಿ ರೂಪಾಯಿಯ ತಾಳೆ ಎಣ್ಣೆ ಮಿಷನ್ ಬಂದಿದೆ. ನಮ್ಮ ರಾಜ್ಯದಲ್ಲೂ ನೀರಾವರಿ ಇರುವ ಕಡೆ ತೋಟಗಳಿವೆ. ನೀರು ಇದ್ದವರು, ಯೋಚಿಸಿ ಮಾಡುವವರು ಮಾಡಲಿ, ಬೇಡ ಅನ್ನುವುದಿಲ್ಲ. ಆದರೆ ಸಸಿ ನೆಡುವ ಮೊದಲು ನಾಲ್ಕು ವಿಷಯ ತಿಳಿದಿರಲಿ. ಬೇಸಿಗೆಯಲ್ಲಿ ಒಂದೊಂದು ಮರಕ್ಕೆ ದಿನಕ್ಕೆ ಇನ್ನೂರು ಲೀಟರಿನ ಆಸುಪಾಸು ನೀರು ಬೇಕು. ಮೊದಲ ಮೂರು ನಾಲ್ಕು ವರ್ಷ ಫಸಲಿಲ್ಲ, ಸಾಲದ ಬಡ್ಡಿ ಮಾತ್ರ ಅಷ್ಟೂ ವರ್ಷ ಓಡುತ್ತದೆ. ಹಣ್ಣು ಕಿತ್ತ ಮೇಲೆ ಒಂದೆರಡು ದಿನದೊಳಗೆ ಕಾರ್ಖಾನೆ ಸೇರಬೇಕು, ಇಲ್ಲದಿದ್ದರೆ ಎಣ್ಣೆ ಕೆಡುತ್ತದೆ. ನಿಮ್ಮ ಪ್ರದೇಶವನ್ನು ಒಂದು ಕಂಪನಿಗೆ ವಹಿಸಿರುತ್ತಾರೆ, ಹಣ್ಣು ಅದಕ್ಕೇ ಕೊಡಬೇಕು. ಶೇಂಗಾವನ್ನಾದರೆ ಚಳ್ಳಕೆರೆಯಲ್ಲಿ ಬೆಲೆ ಬಿದ್ದರೆ ಚೀಲ ಕಟ್ಟಿ ಮನೆಯಲ್ಲಿಡಬಹುದು, ಇಲ್ಲಾ ಬೇರೆ ಮಂಡಿಗೆ ಒಯ್ಯಬಹುದು. ತಾಳೆ ಹಣ್ಣಿಗೆ ಆ ದಾರಿ ಇಲ್ಲ. ಇಪ್ಪತ್ತೈದು ವರ್ಷ ಒಬ್ಬನೇ ಗಿರಾಕಿಯನ್ನು ನಂಬಿ ಕೂರಬೇಕು.

ಅತ್ತ ಇಂಡೋನೇಷ್ಯಾದ ರೈತ ಸುಖವಾಗಿದ್ದಾನೆ ಅಂತಲೂ ತಿಳಿಯಬೇಡಿ. ಅಲ್ಲಿ ತಾಳೆ ತೋಟಗಳಲ್ಲಿ ಸುಮಾರು ಐದರಲ್ಲಿ ಎರಡು ಪಾಲು ಸಣ್ಣ ಹಿಡುವಳಿದಾರರದು. 2022ರ ಏಪ್ರಿಲ್ 28ರಂದು ಅಲ್ಲಿಯ ಸರ್ಕಾರ, ಪೇಟೆಯವರಿಗೆ ಎಣ್ಣೆ ಅಗ್ಗವಾಗಲಿ ಅಂತ ರಫ್ತು ನಿಲ್ಲಿಸಿತು. ಕಾರ್ಖಾನೆಗಳು ಹಣ್ಣು ಕೊಳ್ಳುವುದನ್ನು ಬಿಟ್ಟವು, ಬೆಲೆ ಕುಸಿಯಿತು, ರೈತರು ಜಕಾರ್ತಾದ ಬೀದಿಗಿಳಿದರು. ಮೇ 23ರಂದು ನಿಷೇಧ ತೆಗೆದರು. ಲೋಕದಲ್ಲೇ ಅತಿ ಹೆಚ್ಚು ಬೇಡಿಕೆಯ ಎಣ್ಣೆ ಬೆಳೆಯುವವನಿಗೂ ನಮ್ಮದೇ ಹಣೆಬರಹ. ಆತ ನಮ್ಮ ವೈರಿಯಲ್ಲ. ಬೆಲೆ ಕಟ್ಟುವ ಅಧಿಕಾರ ಅವನಿಗೂ ಇಲ್ಲ, ನಮಗೂ ಇಲ್ಲ.

ಒಂದು ಪ್ರಶ್ನೆ ನಿಮ್ಮೊಳಗೇ ಎದ್ದಿರಬಹುದು. ಸುಂಕ ಏರಿದರೆ ನಮ್ಮ ಊರಿನ ಕೂಲಿಯವನ ಮನೆಯ ಒಗ್ಗರಣೆ ತುಟ್ಟಿಯಾಗುವುದಿಲ್ಲವೆ? ಆಗುತ್ತದೆ. ಇದನ್ನು ಮುಚ್ಚಿಟ್ಟು ಮಾತಾಡಿದರೆ ಅದು ರೈತ ಚಳವಳಿಯಲ್ಲ. ಈ ದೇಶದಲ್ಲಿ ಈಗ ತಲೆಗೆ ವರ್ಷಕ್ಕೆ ಸುಮಾರು 19 ಕೆ.ಜಿ. ಎಣ್ಣೆ ಖರ್ಚಾಗುತ್ತದೆ. ಬೇಕಾದುದರಲ್ಲಿ ಅರ್ಧಕ್ಕಿಂತ ಹೆಚ್ಚು, ವರ್ಷಕ್ಕೆ 160 ಲಕ್ಷ ಟನ್ನಿನ ಆಸುಪಾಸು, ಹೊರಗಿನಿಂದ ಬರುತ್ತಿದೆ. ನಾಳೆ ಬೆಳಿಗ್ಗೆ ಅದನ್ನು ನಿಲ್ಲಿಸಿ ಅನ್ನುವ ಹುಚ್ಚು ಬೇಡಿಕೆ ನಮ್ಮದಲ್ಲ. ಬಡವರಿಗೆ ಅಗ್ಗದ ಎಣ್ಣೆ ಬೇಕು ಅಂದರೆ ಸರ್ಕಾರ ರೇಷನ್ ಅಂಗಡಿಯಲ್ಲಿ ಸಹಾಯಧನ ಕೊಟ್ಟು ಕೊಡಲಿ, ಖಜಾನೆಯಿಂದ ಕೊಡಲಿ. ಶೇಂಗಾ ಬೆಳೆದವನ ಜೇಬಿನಿಂದ ಕಿತ್ತು ಬಿಸ್ಕತ್ತು ಕಂಪನಿಗೂ ಸೋಪಿನ ಕಂಪನಿಗೂ ಅದೇ ಅಗ್ಗದ ದರದಲ್ಲಿ ಎಣ್ಣೆ ಒದಗಿಸುವುದು ಬಡವರ ಮೇಲಿನ ಕರುಣೆ ಹೇಗಾದೀತು? ಸುಂಕ ಇಳಿದಾಗ ಸೋಪಿನ ಬೆಲೆ ಇಳಿದದ್ದನ್ನು ನಿಮ್ಮಲ್ಲಿ ಎಷ್ಟು ಜನ ಕಂಡಿದ್ದೀರಿ, ಕೈ ಎತ್ತಿ.

ಆದ್ದರಿಂದ ನಮ್ಮ ಬೇಡಿಕೆಗಳು ಸ್ಪಷ್ಟವಾಗಿರಲಿ.

ಒಂದು: ಎಣ್ಣೆಯ ಸುಂಕವನ್ನು ಬೆಂಬಲ ಬೆಲೆಗೆ ಗಂಟು ಹಾಕಬೇಕು. ಶೇಂಗಾ, ಸೂರ್ಯಕಾಂತಿಯ ಮಂಡಿ ಬೆಲೆ ಬೆಂಬಲ ಬೆಲೆಗಿಂತ ಕೆಳಗಿರುವಾಗ ಸುಂಕ ಇಳಿಸಬಾರದು. ಬಿತ್ತನೆಯಿಂದ ಕಟಾವಿನವರೆಗೆ ಸುಂಕದಲ್ಲಿ ಆಟ ಆಡಬಾರದು.

ಎರಡು: ಬೆಂಬಲ ಬೆಲೆಯನ್ನು ಜಮೀನಿನ ಬಾಡಿಗೆ, ಬಂಡವಾಳದ ಬಡ್ಡಿ ಸೇರಿಸಿದ ಪೂರ್ಣ ವೆಚ್ಚದ ಮೇಲೆ ಕಟ್ಟಬೇಕು. ಈಗ ಕೈಯಿಂದ ಕೊಟ್ಟ ಖರ್ಚು, ಮನೆಯವರ ದುಡಿಮೆ ಇಷ್ಟರ ಮೇಲೆ ಅರ್ಧ ಸೇರಿಸಿ ಲೆಕ್ಕ ಹಾಕುತ್ತಾರೆ. ವೈಜ್ಞಾನಿಕ ಬೆಲೆ ಅಂತ ರೈತ ಸಂಘ 1980ರಿಂದ ಕೇಳುತ್ತಾ ಬಂದಿರುವುದು ಇದನ್ನೇ.

ಮೂರು: ಕಾಯಿ ಒಣಗುವ ಹೊತ್ತಿಗೆ ಖರೀದಿ ಕೇಂದ್ರ ತೆರೆದಿರಬೇಕು. ಸಾಲದವನಿಗೆ ಹೆದರಿ ಮಾರಿ ಮುಗಿಸಿದ ಮೇಲೆ ತೆರೆದರೆ ಲಾಭ ವ್ಯಾಪಾರಿಗೆ.

ನಾಲ್ಕು: ಶೇಂಗಾ ಎಣ್ಣೆಗೂ ಬೆರಕೆ ನಿಷೇಧ ಬರಬೇಕು. ಪಾಕೀಟಿನ ಮೇಲೆ ಯಾವ ಎಣ್ಣೆ, ಎಷ್ಟು ಪಾಲು ಅನ್ನುವುದನ್ನು ಕನ್ನಡದಲ್ಲಿ, ಕಣ್ಣಿಗೆ ಕಾಣುವ ಅಕ್ಷರದಲ್ಲಿ ಮುಂಭಾಗದಲ್ಲೇ ಬರೆಯಬೇಕು.

ಐದು: ಅಂಗನವಾಡಿ, ಶಾಲೆಯ ಬಿಸಿಯೂಟ, ಹಾಸ್ಟೆಲುಗಳಿಗೆ ಆಯಾ ಜಿಲ್ಲೆಯ ಎಣ್ಣೆಕಾಳಿನಿಂದ ತೆಗೆದ ಎಣ್ಣೆಯನ್ನೇ ಸಹಕಾರ ಸಂಘಗಳ ಮೂಲಕ ಕೊಳ್ಳಬೇಕು.

ಸರ್ಕಾರ ಇವನ್ನು ಕೇಳಿದ ದಿನವೇ ಕೊಡುವುದಿಲ್ಲ, ಅದು ನಿಮಗೆ ಗೊತ್ತು. ಅಷ್ಟರೊಳಗೆ ನಮ್ಮ ಕೈಯಲ್ಲಿರುವ ಕೆಲಸ ಮಾಡೋಣ. ಇವತ್ತು ರಾತ್ರಿ ಮನೆಯಲ್ಲಿರುವ ಪಾಕೀಟುಗಳನ್ನು ದೀಪದ ಕೆಳಗೆ ಹಿಡಿದು ಮಕ್ಕಳ ಕೈಲಿ ಓದಿಸಿ. ಎಷ್ಟರಲ್ಲಿ ಪಾಮೋಲಿನ್ ಅಂತ ಇದೆ, ಲೆಕ್ಕ ಹಾಕಿ. ಬೆಳೆದ ಶೇಂಗಾದಲ್ಲಿ ಮನೆಗೆ ವರ್ಷಕ್ಕೆ ಬೇಕಾದಷ್ಟನ್ನು ತೆಗೆದಿಟ್ಟುಕೊಂಡು ಹತ್ತಿರದ ಗಾಣದಲ್ಲಿ ಹಿಂಡಿಸಿ. ಹಿಂಡಿ ಮನೆಗೇ ಬರುತ್ತದೆ. ಹತ್ತು ಮನೆಯವರು ಸೇರಿದರೆ ಒಂದು ಸಣ್ಣ ಗಾಣ ಹಾಕಬಹುದು, ಪೇಟೆಯಲ್ಲಿ ಶುದ್ಧ ಎಣ್ಣೆ ಹುಡುಕುವವರು ಈಗ ಬೇಕಾದಷ್ಟು ಜನ ಇದ್ದಾರೆ. ಮುಂದಿನ ತಿಂಗಳು ಪ್ರತಿ ತಾಲ್ಲೂಕಿನಿಂದ ಮಂಡಿಯ ದಿನವಹಿ ಬೆಲೆಯನ್ನು ಬರೆದು ಪತ್ರಿಕೆಗೆ ಕಳಿಸಿ. ಯಾವ ದಿನ ಸುಂಕ ಇಳಿಯಿತು, ಮಾರನೆಯ ವಾರ ನಮ್ಮ ಚೀಲದ ಬೆಲೆ ಎಷ್ಟು ಇಳಿಯಿತು ಅನ್ನುವ ಲೆಕ್ಕ ನಮ್ಮ ಕೈಯಲ್ಲೇ ಇರಲಿ. ದಿಲ್ಲಿಗೆ ಹೋದಾಗ ಅದನ್ನು ಮೇಜಿನ ಮೇಲೆ ಇಟ್ಟು ಮಾತಾಡೋಣ.

  ಈಗ ನಿಮ್ಮ ಪ್ರಶ್ನೆಗಳು ಬರಲಿ.